ಬ್ಯಾಂಕಿನ ಲಕೋಟೆಯನ್ನು ಒಡೆಯದೆ ಇಡಬೇಡಿ

ಮನೆ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದುಕೊಂಡವರ ಹತ್ತಿರ ನಾಲ್ಕು ಮಾತು ಆಡುವುದಿದೆ. ನಡುವೆ ಸ್ವಲ್ಪ ಗದರಿಸಿದರೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮನೆ ನಿಮಗೇ ಉಳಿಯಲಿ ಎಂಬ ಆಸೆಯಿಂದಲೇ ಹೇಳುತ್ತಿದ್ದೇನೆ.

ಕಂತು ತಪ್ಪಿದ ಮನೆಗಳಲ್ಲಿ ಮೂರು ಮಾತು ಪದೇ ಪದೇ ಕೇಳಿಬರುತ್ತವೆ. "ಹರಾಜಿನ ದಿನ ದುಡ್ಡು ತೆಗೆದುಕೊಂಡು ಹೋಗಿ ಬಿಡಿಸಿಕೊಂಡರಾಯಿತು" ಎಂಬುದು ಒಂದು. "ಹರಾಜಾದರೆ ಆಗಲಿ, ನಾವು ಒಳಗೆ ಕೂತಿರುವಷ್ಟು ದಿನ ಯಾರೇನು ಮಾಡುತ್ತಾರೆ" ಎಂಬುದು ಇನ್ನೊಂದು. "ಹರಾಜು ಮುಗಿದ ಮೇಲೆ ಬ್ಯಾಂಕಿಗೇನು ಕೆಲಸ, ಕೊಂಡವನು ಬೇಕಾದರೆ ಕೋರ್ಟಿಗೆ ಅಲೆಯಲಿ" ಎಂಬುದು ಮೂರನೆಯದು. ಈ ಮೂರೂ ತಪ್ಪು. ಇವನ್ನು ನಂಬಿಕೊಂಡು ಕೂತವರು ಮನೆಯನ್ನೂ ಕಳೆದುಕೊಳ್ಳುತ್ತಾರೆ, ಮನೆ ಉಳಿಸಿಕೊಳ್ಳಲು ಇದ್ದ ಸಮಯವನ್ನೂ ಕಳೆದುಕೊಳ್ಳುತ್ತಾರೆ.

ಈ ನಂಬಿಕೆ ಎಲ್ಲಿಂದ ಬಂತು ಎಂಬುದು ಅರ್ಥವಾಗುತ್ತದೆ. ಹಿಂದಿನ ಕಾಲದಲ್ಲಿ ಅಡಮಾನದ ಸಾಲ ವಸೂಲಿಗೆ ಬ್ಯಾಂಕು ಸಾಮಾನ್ಯವಾಗಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. ದಾವೆ, ಪ್ರಾಥಮಿಕ ಡಿಕ್ರಿ, ಅಂತಿಮ ಡಿಕ್ರಿ, ಆಮೇಲೆ ಅಮಲ್ಜಾರಿ ಅರ್ಜಿ ಎಂದು ವರ್ಷಗಟ್ಟಲೆ ಎಳೆಯುತ್ತಿತ್ತು. ಅಷ್ಟರೊಳಗೆ ಬೆಳೆ ಬಂದು, ಮಗನಿಗೆ ಕೆಲಸ ಸಿಕ್ಕಿ, ಸಾಲ ಹೇಗೋ ತೀರಿಬಿಡುತ್ತಿತ್ತು. ಆ ಕಾಲ 2002ಕ್ಕೆ ಮುಗಿಯಿತು. ಆ ವರ್ಷ ಬಂದದ್ದು ಸರ್ಫೇಸಿ ಕಾಯ್ದೆ. ಅಡಮಾನವಾದ ಆಸ್ತಿಯನ್ನು ಕೋರ್ಟಿನ ಡಿಕ್ರಿ ಇಲ್ಲದೆಯೇ ಸ್ವಾಧೀನಕ್ಕೆ ತೆಗೆದುಕೊಂಡು ಮಾರುವ ಅಧಿಕಾರವನ್ನು ಅದು ಬ್ಯಾಂಕುಗಳಿಗೆ ಕೊಟ್ಟಿತು. ದೊಡ್ಡ ಬ್ಯಾಂಕುಗಳಿಗಷ್ಟೇ ಅಲ್ಲ, ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿಬಿಟ್ಟಿದೆ. ಗೃಹಸಾಲ ಕೊಡುವ ಹಣಕಾಸು ಸಂಸ್ಥೆಗಳಲ್ಲೂ ಹಲವಕ್ಕೆ ಈ ಅಧಿಕಾರವಿದೆ. ಆದ್ದರಿಂದ "ನಮ್ಮದು ಊರಿನ ಸಣ್ಣ ಬ್ಯಾಂಕು, ಏನೂ ಮಾಡುವುದಿಲ್ಲ" ಎಂದು ಕೂರಬೇಡಿ.

ಈಗ ದಾರಿ ಹೇಗೆ ಸಾಗುತ್ತದೆ ಕೇಳಿ. ಕಂತು ಕಟ್ಟದೆ 90 ದಿನ ದಾಟಿದರೆ ನಿಮ್ಮ ಖಾತೆ ಸುಸ್ತಿಯಾಗಿ ಎನ್‌ಪಿಎ ಪಟ್ಟಿಗೆ ಸೇರುತ್ತದೆ. ಆಮೇಲೆ ಬರುವುದು ಕಾಯ್ದೆಯ 13(2)ನೇ ಕಲಮಿನ ನೋಟಿಸು. ಎಷ್ಟು ಬಾಕಿ, ಯಾವ ಆಸ್ತಿಯ ಮೇಲೆ ಕ್ರಮ ಎಂಬುದೆಲ್ಲ ಅದರಲ್ಲಿರುತ್ತದೆ, ತೀರಿಸಲು 60 ದಿನದ ಗಡುವು ಇರುತ್ತದೆ. ಇಡೀ ವ್ಯವಹಾರದಲ್ಲಿ ನಿಮ್ಮ ಕೈಗೆ ಸಿಗುವ ಅತಿ ಬೆಲೆಬಾಳುವ ಕಾಗದ ಇದೇ. ಹೆಚ್ಚಿನವರು ಒಡೆಯದೆ ಟಿವಿ ಮೇಲೆ ಇಡುವ ಕಾಗದವೂ ಇದೇ.

ಯಾಕೆ ಒಡೆಯುವುದಿಲ್ಲ? ಭಯ. ಓದಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಕೆಲವರು ಪೋಸ್ಟ್‌ಮ್ಯಾನ್ ಬಂದರೆ "ಮನೆಯಲ್ಲಿಲ್ಲ ಅನ್ನು" ಎಂದು ಮಕ್ಕಳ ಕೈಲಿ ಸುಳ್ಳು ಹೇಳಿಸುತ್ತಾರೆ. ಇದರಿಂದ ಏನೂ ಪ್ರಯೋಜನವಿಲ್ಲ. ನೀವು ತೆಗೆದುಕೊಳ್ಳದಿದ್ದರೆ ಬ್ಯಾಂಕಿನವರು ಅದನ್ನು ನಿಮ್ಮ ಬಾಗಿಲಿಗೆ ಅಂಟಿಸಬಹುದು, ಎರಡು ಪತ್ರಿಕೆಗಳಲ್ಲಿ ಹಾಕಿಸಬಹುದು. ಆಗ ನೋಟಿಸು ತಲುಪಿದಂತೆಯೇ ಲೆಕ್ಕ. ಇತ್ತ ಮನೆಯ ಮಾತು ಬೀದಿಗೆ ಬಂತು, ಅತ್ತ ಗಡುವಿನ ದಿನವೂ ಕಳೆಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ?

ಲಕೋಟೆ ಒಡೆದು, ತಲುಪಿದ ತಾರೀಖನ್ನು ಅದರ ಮೇಲೇ ಬರೆದಿಡಿ. ಲಕೋಟೆಯನ್ನೂ ಬಿಸಾಡಬೇಡಿ, ಅಂಚೆ ಮುದ್ರೆ ಮುಂದೆ ಬೇಕಾಗುತ್ತದೆ. ಬಾಕಿಯ ಲೆಕ್ಕ ಸರಿಯಿದೆಯೇ ನೋಡಿ. ನೀವು ಕಟ್ಟಿದ ಕಂತು ಬಿಟ್ಟುಹೋಗಿದೆಯೇ, ದಂಡದ ಬಡ್ಡಿ ಅತಿಯಾಗಿದೆಯೇ, ಆಸ್ತಿಯ ಚಕ್ಕುಬಂದಿ ತಪ್ಪಾಗಿದೆಯೇ ಎಂದು ಬೆರಳಿಟ್ಟು ಓದಿ. ತಪ್ಪಿದ್ದರೆ, ಅಥವಾ ಸಮಯ ಬೇಕಿದ್ದರೆ, ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಡಿ. ನೀವು ಕೊಟ್ಟ ಆಕ್ಷೇಪಣೆಯನ್ನು ಬ್ಯಾಂಕು ಒಪ್ಪದಿದ್ದರೆ ಕಾರಣ ಸಹಿತ 15 ದಿನದೊಳಗೆ ನಿಮಗೆ ಬರೆದು ತಿಳಿಸಲೇಬೇಕು. ಈ ಹಕ್ಕು ನಿಮಗೆ ಸುಮ್ಮನೆ ಬಂದದ್ದಲ್ಲ. 2004ರ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾಲಗಾರನ ಮಾತನ್ನೂ ಕೇಳಬೇಕು ಎಂದ ಮೇಲೆ ಕಾಯ್ದೆಗೆ ಸೇರಿದ್ದು. ಬಳಸಿಕೊಳ್ಳದಿದ್ದರೆ ಯಾರ ತಪ್ಪು?

ಬಾಯಿಮಾತಿನ ವ್ಯವಹಾರ ಮಾತ್ರ ಬೇಡ. "ಮ್ಯಾನೇಜರ್ ಒಳ್ಳೆಯವರು, ಇನ್ನೊಂದು ತಿಂಗಳು ನೋಡೋಣ ಅಂದಿದ್ದಾರೆ" ಎನ್ನುತ್ತೀರಿ. ಒಳ್ಳೆಯವರೇ ಇರಬಹುದು, ಮುಂದಿನ ತಿಂಗಳು ಅವರಿಗೆ ವರ್ಗಾವಣೆಯಾದರೆ? ಅವರ ಜಾಗಕ್ಕೆ ಬಂದವರಿಗೆ ಕಡತದಲ್ಲಿ ಕಾಣುವುದಷ್ಟೇ ಗೊತ್ತು. ಏನೇ ಕೇಳಿದರೂ ಬರೆದು ಕೊಡಿ, ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸ್ವಲ್ಪ ದುಡ್ಡು ಹೊಂದಿಸಲು ಆದರೆ ಆ ಪತ್ರದ ಜೊತೆಗೇ ಕಟ್ಟಿ. ಬರಿಗೈಯಲ್ಲಿ ಬಂದವರ ಮಾತಿಗಿಂತ ಅಷ್ಟಾದರೂ ಕಟ್ಟಿ ಬಂದವರ ಮಾತಿಗೆ ಬ್ಯಾಂಕಿನಲ್ಲಿ ತೂಕ ಜಾಸ್ತಿ. ಅವಧಿ ವಿಸ್ತರಿಸಿ ಕಂತು ಇಳಿಸಬಹುದೇ, ಒಂದೇ ಸಲಕ್ಕೆ ಇಷ್ಟು ಕಟ್ಟಿದರೆ ಉಳಿದದ್ದು ಬಿಡುತ್ತೀರಾ ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ. ಆದರೆ ಒನ್ ಟೈಮ್ ಸೆಟ್ಲ್‌ಮೆಂಟ್ ನಿಮ್ಮ ಹಕ್ಕಲ್ಲ, ಅದು ಬ್ಯಾಂಕಿನ ವಿವೇಚನೆ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಸ್ಪಷ್ಟಪಡಿಸಿದೆ. ಅದನ್ನೇ ನೆಚ್ಚಿಕೊಂಡು ಉಳಿದ ದಾರಿ ಬಿಡಬೇಡಿ.

ತೀರಿಸಲು ಯಾವ ದಾರಿಯೂ ಕಾಣದಿದ್ದರೆ ಕಟುವಾದ ಒಂದು ಮಾತು ಹೇಳುತ್ತೇನೆ. ಬ್ಯಾಂಕಿಗೆ ತಿಳಿಸಿ, ಅವರ ಲಿಖಿತ ಒಪ್ಪಿಗೆ ಪಡೆದು, ನೀವೇ ಮನೆ ಮಾರಿ ಸಾಲ ತೀರಿಸಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಹಾಗೆ ಕಟ್ಟಿದ ಮನೆಯನ್ನು ಮಾರುವುದು ಕರುಳು ಹಿಂಡುವ ಕೆಲಸ. ಆದರೂ ನೀವು ನಿಂತು ಮಾರಿದ ಬೆಲೆಗೂ ಹರಾಜಿನಲ್ಲಿ ಹೋಗುವ ಬೆಲೆಗೂ ವ್ಯತ್ಯಾಸವಿರುತ್ತದೆ. ಆ ವ್ಯತ್ಯಾಸದಲ್ಲಿ ನಿಮ್ಮ ಮಕ್ಕಳ ಒಂದೆರಡು ವರ್ಷದ ಓದಿನ ಖರ್ಚು ಹುಟ್ಟಬಹುದು. ಬ್ಯಾಂಕಿಗೆ ಹೇಳದೆ ಮಾತ್ರ ಕದ್ದುಮುಚ್ಚಿ ಮಾರಬೇಡಿ, ಬಾಡಿಗೆಗೂ ಬರೆದುಕೊಡಬೇಡಿ. 13(2) ನೋಟಿಸು ಬಂದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಹಾಗೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

60 ದಿನ ಮುಗಿಯಿತು, ಹಣ ಬರಲಿಲ್ಲ. ಆಗ 13(4)ನೇ ಕಲಮಿನ ಪ್ರಕಾರ ಬ್ಯಾಂಕು ಸ್ವಾಧೀನಕ್ಕೆ ಕೈಹಾಕುತ್ತದೆ. ಇಲ್ಲಿ ಎರಡು ಬಗೆ ಇದೆ, ಚೆನ್ನಾಗಿ ತಿಳಿದುಕೊಳ್ಳಿ. ಮೊದಲನೆಯದು ಸಾಂಕೇತಿಕ ಸ್ವಾಧೀನ. ಬ್ಯಾಂಕಿನ ಅಧಿಕಾರಿ ಬಂದು ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸುತ್ತಾರೆ, ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಅವುಗಳಲ್ಲಿ ಒಂದು ನಾಡಿನ ಭಾಷೆಯ ಪತ್ರಿಕೆಯಾಗಿರಬೇಕು. ನೀವು ಮನೆಯೊಳಗೇ ಇರುತ್ತೀರಿ, ಒಲೆಯ ಮೇಲೆ ಹಾಲು ಕಾಯುತ್ತಿರುತ್ತದೆ, ಆದರೂ ಕಾಗದದ ಮೇಲೆ ಸ್ವಾಧೀನ ಬ್ಯಾಂಕಿನದು. ಎರಡನೆಯದು ಭೌತಿಕ ಸ್ವಾಧೀನ, ಅಂದರೆ ನಿಮ್ಮನ್ನು ಹೊರಗೆ ಕಳಿಸಿ ಬೀಗ ಹಾಕುವುದು.

ಜನ ಎಡವುವುದು ಇಲ್ಲೇ. ನೋಟಿಸು ಅಂಟಿಸಿ ಹೋದರು, ಯಾರೂ ಹೊರಗೆ ಹಾಕಲಿಲ್ಲ, ಅಂದ ಮೇಲೆ ಗಂಡಾಂತರ ಕಳೆಯಿತು ಎಂದುಕೊಳ್ಳುತ್ತಾರೆ. ಬಾಗಿಲಿನ ಕಾಗದ ಹರಿದು ಹಾಕುತ್ತಾರೆ. ನೆರೆಯವರು ಓದುತ್ತಾರೆಂಬ ನಾಚಿಕೆ ಅರ್ಥವಾಗುತ್ತದೆ, ಆದರೆ ಹರಿಯುವ ಮೊದಲು ನೀವು ಓದಿದಿರಾ? ಸಾಂಕೇತಿಕ ಸ್ವಾಧೀನದಲ್ಲೇ ಬ್ಯಾಂಕು ಆಸ್ತಿಯನ್ನು ಹರಾಜು ಹಾಕಬಹುದು. ನೀವು ಒಳಗಿದ್ದೀರಿ ಎಂಬುದರಿಂದ ಹರಾಜು ನಿಲ್ಲುವುದಿಲ್ಲ.

ಹರಾಜಿಗೂ ಒಂದು ಕ್ರಮವಿದೆ. ಬ್ಯಾಂಕು ಅಂಗೀಕೃತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ, ಕನಿಷ್ಠ ಬೆಲೆ ಗೊತ್ತುಮಾಡಬೇಕು. ಮಾರುವ ಮೊದಲು ನಿಮಗೆ 30 ದಿನದ ನೋಟಿಸು ಕೊಡಬೇಕು. ಸಾರ್ವಜನಿಕ ಹರಾಜಾದರೆ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಮೊದಲ ಹರಾಜಿಗೆ ಯಾರೂ ಬರದೆ ಮತ್ತೆ ಹರಾಜಿಟ್ಟರೆ 15 ದಿನದ ನೋಟಿಸು ಸಾಕು. ಕನಿಷ್ಠ ಬೆಲೆ ತೀರಾ ಕಡಿಮೆ ಎನಿಸಿದರೆ ಆಗಲೇ ಬರೆದು ಆಕ್ಷೇಪಿಸಿ. ನಿಮ್ಮ ಬಡಾವಣೆಯಲ್ಲಿ ಈಚೆಗೆ ನೋಂದಣಿಯಾದ ಕ್ರಯಪತ್ರಗಳ ಪ್ರತಿ ತೆಗೆಸಿ ಜೊತೆಗಿಡಿ. ಹರಾಜು ಮುಗಿದ ಮೇಲೆ "ಕೋಟಿ ಬಾಳುವುದನ್ನು ಅರ್ಧಕ್ಕೆ ಕೊಟ್ಟರು" ಎಂದು ಅತ್ತರೆ ಕೇಳುವವರು ಕಡಿಮೆ.

ಈಗ ಆ ಮೊದಲನೇ ತಪ್ಪು ನಂಬಿಕೆಗೆ ಬರೋಣ. ಹರಾಜಿನ ದಿನ ದುಡ್ಡು ಕಟ್ಟಿ ಬಿಡಿಸಿಕೊಳ್ಳುವ ಮಾತು. 2016ರ ತಿದ್ದುಪಡಿಗೆ ಮುಂಚೆ ಆಸ್ತಿ ಕೈಬದಲಾಗುವ ಮೊದಲು ಪೂರ್ತಿ ಬಾಕಿ ಕಟ್ಟಿದರೆ ಬಿಡಿಸಿಕೊಳ್ಳಲು ಅವಕಾಶವಿತ್ತು. ಈಗ 13(8)ನೇ ಕಲಮು ಬದಲಾಗಿದೆ. ಹರಾಜಿನ ಪ್ರಕಟಣೆ ಹೊರಬೀಳುವ ಮೊದಲೇ ಬಾಕಿ, ಬಡ್ಡಿ, ಖರ್ಚು ಎಲ್ಲವನ್ನೂ ಕಟ್ಟಬೇಕು. ಹರಾಜಿನ ದಿನವಲ್ಲ, ಅದರ ಪ್ರಕಟಣೆಯ ದಿನ. ನಡುವೆ ಒಂದು ತಿಂಗಳ ಅಂತರವಿದೆ, ಎಷ್ಟೋ ಸಂಸಾರಗಳು ಆ ಒಂದು ತಿಂಗಳಲ್ಲೇ ಮನೆ ಕಳೆದುಕೊಳ್ಳುತ್ತವೆ.

ಹೆದರಿಸಲು ಹೇಳುತ್ತಿಲ್ಲ, ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿದ ಸೆಲಿರ್ ಮತ್ತು ಬಾಫ್ನಾ ಮೋಟಾರ್ಸ್ ಪ್ರಕರಣ ನೋಡಿ. ಯೂನಿಯನ್ ಬ್ಯಾಂಕು ಅಡಮಾನದ ಆಸ್ತಿಯನ್ನು ಹರಾಜು ಹಾಕಿತ್ತು, 105.05 ಕೋಟಿ ರೂಪಾಯಿಗೆ ಕೂಗಿದವರು ಹಣವನ್ನೂ ಕಟ್ಟಿದ್ದರು. ಅಷ್ಟು ಹೊತ್ತಿಗೆ ಸಾಲಗಾರ ಕಂಪನಿ 129 ಕೋಟಿ ಕೊಟ್ಟು ಆಸ್ತಿ ಬಿಡಿಸಿಕೊಳ್ಳುತ್ತೇನೆಂದು ಮುಂದೆ ಬಂತು. ಬಾಂಬೆ ಹೈಕೋರ್ಟು ಒಪ್ಪಿತು, ಬ್ಯಾಂಕೂ ಒಪ್ಪಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹರಾಜಿನ ಪ್ರಕಟಣೆಯಾದ ದಿನವೇ ಬಿಡಿಸಿಕೊಳ್ಳುವ ಹಕ್ಕು ಮುಗಿಯಿತು, ಹರಾಜಿನಲ್ಲಿ ನಂಬಿ ಹಣ ಕಟ್ಟಿದವನಿಗೆ ಮೋಸವಾಗಬಾರದು ಎಂದಿತು. ಕೈಯಲ್ಲಿ ಹೆಚ್ಚು ದುಡ್ಡಿಟ್ಟುಕೊಂಡು ಬಂದ ಕಂಪನಿಗೇ ಹೀಗಾದರೆ, ಚಿನ್ನ ಅಡವಿಟ್ಟು, ಭಾವಮೈದುನನ ಹತ್ತಿರ ಕೈಸಾಲ ಕೇಳಿ, ಕಡೇ ದಿನಕ್ಕೆ ಓಡಿಬರುವ ನಿಮ್ಮ ಗತಿ ಏನು? ಆ ಚಿನ್ನ ಅಡವಿಡುವುದನ್ನು, ಆ ಕೈಸಾಲ ಕೇಳುವುದನ್ನು ಮೊದಲ 60 ದಿನದಲ್ಲೇ ಮಾಡಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.

ಇನ್ನು ಹರಾಜಾದ ಮೇಲಿನ ಸ್ವಾಧೀನದ ವಿಷಯ. "ಬ್ಯಾಂಕು ಮಾರಿ ಕೈತೊಳೆದುಕೊಂಡಿತು, ಇನ್ನು ಅದಕ್ಕೆ ನಮ್ಮನ್ನು ಎಬ್ಬಿಸುವ ಅಧಿಕಾರವಿಲ್ಲ" ಎಂದು ಹೇಳಿಕೊಡುವ ಸಲಹೆಗಾರರು ಊರಿಗೊಬ್ಬರಿರುತ್ತಾರೆ. ಈ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಗೋವಾದ ಅರೋಸಿಮ್ ಕಡಲ ತೀರದಲ್ಲಿ ಬ್ಲೂ ಕೋಸ್ಟ್ ಕಂಪನಿಯ ಐಷಾರಾಮಿ ಹೋಟೆಲಿತ್ತು. ಐಎಫ್‌ಸಿಐ ಸಂಸ್ಥೆಯ ಸಾಲ ಸುಸ್ತಿಯಾಗಿ, ಸಂಸ್ಥೆ ಸಾಂಕೇತಿಕ ಸ್ವಾಧೀನ ತೆಗೆದುಕೊಂಡು ಹೋಟೆಲನ್ನು ಹರಾಜು ಹಾಕಿತು. ಐಟಿಸಿ ಕಂಪನಿ 515.44 ಕೋಟಿ ರೂಪಾಯಿಗೆ ಕೊಂಡಿತು. ಆದರೆ ಹೋಟೆಲು ಇನ್ನೂ ಹಳೆಯ ಮಾಲೀಕರ ಕೈಯಲ್ಲೇ ನಡೆಯುತ್ತಿತ್ತು. ಸ್ವಾಧೀನಕ್ಕೆ ನೆರವು ಬೇಕೆಂದು ಸಾಲ ಕೊಟ್ಟ ಸಂಸ್ಥೆ ಜಿಲ್ಲಾ ಮ್ಯಾಜಿಸ್ಟ್ರೇಟರ ಮೊರೆಹೋದಾಗ, ಮಾರಿಯಾದ ಮೇಲೆ ನೀನು ಸಾಲಿಗನೇ ಅಲ್ಲ, ನಿನಗೆ ಆ ಹಕ್ಕಿಲ್ಲ ಎಂಬ ವಾದ ಬಂತು. ಬಾಂಬೆ ಹೈಕೋರ್ಟು ಹರಾಜನ್ನೇ ರದ್ದು ಮಾಡಿತ್ತು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು.

ಕೋರ್ಟು ಹೇಳಿದ್ದರ ತಿರುಳು ಸರಳ. ಸಾಂಕೇತಿಕ ಸ್ವಾಧೀನದಲ್ಲೇ ಮಾರಿದ ಮಾತ್ರಕ್ಕೆ ಸಾಲ ಕೊಟ್ಟವರ ಕೆಲಸ ಮುಗಿಯುವುದಿಲ್ಲ. ಆಸ್ತಿಯ ನಿಜವಾದ ಸ್ವಾಧೀನ ಸಿಕ್ಕಿ, ಅದು ಕೊಂಡವರ ಕೈಗೆ ಹೋಗುವವರೆಗೆ ಅವರು ಭದ್ರತೆಯುಳ್ಳ ಸಾಲಿಗರಾಗಿಯೇ ಉಳಿಯುತ್ತಾರೆ. ಹರಾಜಾದ ಮೇಲೂ 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ನೆರವು ಕೇಳುವ ಹಕ್ಕು ಅವರಿಗಿದೆ. ಆ ಹೋಟೆಲು ಇವತ್ತು ಐಟಿಸಿ ಗ್ರ್ಯಾಂಡ್ ಗೋವಾ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ದೇಶದ ದೊಡ್ಡ ದೊಡ್ಡ ವಕೀಲರನ್ನು ಇಟ್ಟುಕೊಳ್ಳಬಲ್ಲ ಕಂಪನಿಗೆ ಉಳಿಯದ ವಾದವನ್ನು ನೀವು 30-40ರ ಸೈಟಿನ ಮನೆಗಾಗಿ ಹೂಡಿ, ವಕೀಲರ ಫೀಸಿಗೆ ಇನ್ನೊಂದು ಸಾಲ ಮಾಡಬೇಡಿ.

14ನೇ ಕಲಮು ನಮ್ಮ ಕಡೆ ಹೇಗೆ ನಡೆಯುತ್ತದೆ ಗೊತ್ತೇ? ಬೆಂಗಳೂರು ನಗರದಲ್ಲಾದರೆ ಮುಖ್ಯ ಮ್ಯಾಜಿಸ್ಟ್ರೇಟರ ಮುಂದೆ, ಜಿಲ್ಲೆಗಳಲ್ಲಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರಾದ ಜಿಲ್ಲಾಧಿಕಾರಿಯ ಮುಂದೆ ಬ್ಯಾಂಕು ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕುತ್ತದೆ. ಸಾಲವೆಷ್ಟು, ನೋಟಿಸು ಕೊಟ್ಟದ್ದು ಯಾವಾಗ, ನಿಮ್ಮ ಆಕ್ಷೇಪಣೆಗೆ ಉತ್ತರಿಸಿದ್ದು ಹೇಗೆ ಎಂಬುದೆಲ್ಲ ಅದರಲ್ಲಿರಬೇಕು. 30 ದಿನದೊಳಗೆ, ಕಾರಣ ಬರೆದಿಟ್ಟು ಹೆಚ್ಚೆಂದರೆ 60 ದಿನದೊಳಗೆ ಆದೇಶವಾಗಬೇಕು. ಆಮೇಲೆ ತಹಶೀಲ್ದಾರರೋ, ನೇಮಕವಾದ ವಕೀಲ ಕಮಿಷನರೋ ಪೊಲೀಸರೊಂದಿಗೆ ಬರುತ್ತಾರೆ. ಅಗತ್ಯಬಿದ್ದರೆ ಬಲಪ್ರಯೋಗಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ.

ಆ ದಿನದವರೆಗೆ ಎಳೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹಾಸಿಗೆ ಹಿಡಿದ ಅತ್ತೆ ಇದ್ದಾರೆ, ಪರೀಕ್ಷೆಗೆ ಓದುವ ಮಗಳಿದ್ದಾಳೆ ಎಂದಾದರೆ ಮೊದಲೇ ಅಧಿಕಾರಿಗೆ ಬರೆದು ಕೆಲವು ದಿನದ ಸಮಯ ಕೇಳಿ. ಒಂದು ತಾರೀಖು ನೀವೇ ಹೇಳಿ, ಹೇಳಿದ ತಾರೀಖಿಗೆ ಬಿಟ್ಟುಕೊಡಿ. ಒಡವೆ, ಮಕ್ಕಳ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟು, ಔಷಧಿ, ದೇವರ ಮನೆಯ ಸಾಮಾನು ಇವನ್ನು ನೋಟಿಸು ಬಂದ ವಾರವೇ ಬೇರೆ ಕಡೆ ಸಾಗಿಸಿ. ಸಾಮಾನು ಒಳಗೇ ಉಳಿದು ಬೀಗ ಬಿದ್ದರೆ, ಪಂಚನಾಮೆಯಲ್ಲಿ ಒಂದೊಂದೂ ಬರೆಸಿ, ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. ಗೃಹಸಾಲಕ್ಕೆ ಅಡವಾದದ್ದು ಮನೆ, ನಿಮ್ಮ ಪಾತ್ರೆ ಪಗಡೆಯಲ್ಲ. ಅವನ್ನು ಹಿಂದಕ್ಕೆ ಕೊಡಿ ಎಂದು ಬರೆದು ಕೇಳಿ. ಬ್ಯಾಂಕಿನ ಬೀಗ ಮಾತ್ರ ಒಡೆಯಬೇಡಿ. ರಾತ್ರಿ ಹೋಗಿ ಬೀಗ ಮುರಿದು ಒಳಸೇರಿದರೆ ಇದ್ದ ಕಷ್ಟದ ಜೊತೆ ಪೊಲೀಸ್ ಕೇಸೂ ಮೈಮೇಲೆ ಬರುತ್ತದೆ.

ಬ್ಯಾಂಕಿಗೆ ಹಕ್ಕಿದೆ ಎಂದ ಮಾತ್ರಕ್ಕೆ ಅದು ಮಾಡಿದ್ದೆಲ್ಲ ಸರಿ ಎಂದೇನೂ ಅಲ್ಲ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನು ಮಾಡಿ ಕಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಷ್ಟರ ಮುಂದೆ ಮಾನ ಕಳೆಯುವಂತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ನಾಲ್ಕು ಜನ ಗಟ್ಟಿಗರನ್ನು ಕಳಿಸಿ ಬಾಗಿಲು ತಳ್ಳಿಸಿದರೆ ಅದು ಸ್ವಾಧೀನವಲ್ಲ, ದೌರ್ಜನ್ಯ. ಆಗ ಹೊಡೆದಾಟಕ್ಕೆ ನಿಲ್ಲದೆ ಪೊಲೀಸರಿಗೆ ದೂರು ಕೊಡಿ. ಬಂದವರ ಗುರುತಿನ ಚೀಟಿ, ಅಧಿಕಾರಪತ್ರ, ಮ್ಯಾಜಿಸ್ಟ್ರೇಟರ ಆದೇಶ ಕೇಳಿ ನೋಡಿ. ಕೇಳುವುದು ನಿಮ್ಮ ಹಕ್ಕು.

ಬ್ಯಾಂಕು ಕ್ರಮ ತಪ್ಪಿದ್ದರೆ ಹೋಗಬೇಕಾದ ಜಾಗ ಸಾಲ ವಸೂಲಾತಿ ನ್ಯಾಯಮಂಡಳಿ. ನೋಟಿಸು ಸರಿಯಾಗಿ ಕೊಟ್ಟಿಲ್ಲ, ಆಕ್ಷೇಪಣೆಗೆ ಉತ್ತರಿಸಿಲ್ಲ, 30 ದಿನ ಬಿಟ್ಟಿಲ್ಲ ಎಂಬಂಥ ದೂರುಗಳಿದ್ದರೆ 17ನೇ ಕಲಮಿನ ಅಡಿ ಅಲ್ಲಿ ಅರ್ಜಿ ಹಾಕಬೇಕು. ಕರ್ನಾಟಕದವರಿಗೆ ಅದು ಬೆಂಗಳೂರಿನಲ್ಲಿದೆ. ಕ್ರಮ ಜರುಗಿದ ದಿನದಿಂದ 45 ದಿನ ಮಾತ್ರ ಸಮಯ. ಬ್ಯಾಂಕು ನಡೆದುಕೊಂಡದ್ದು ತಪ್ಪು ಎಂದು ಕಂಡುಬಂದರೆ ಸ್ವಾಧೀನವನ್ನು ನಿಮಗೆ ಮರಳಿಸುವ, ಪರಿಹಾರ ಕೊಡಿಸುವ ಅಧಿಕಾರ ಆ ಮಂಡಳಿಗಿದೆ. ಊರಿನ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ತರುತ್ತೇನೆ ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡುವ ಮುನ್ನ ಯೋಚಿಸಿ, 34ನೇ ಕಲಮು ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದೆ. ಹೈಕೋರ್ಟು ಕೂಡ ಮೊದಲು ನ್ಯಾಯಮಂಡಳಿಗೆ ಹೋಗಿ ಎಂದೇ ಸಾಮಾನ್ಯವಾಗಿ ಹೇಳುತ್ತದೆ. ನ್ಯಾಯಮಂಡಳಿಯಲ್ಲಿ ಸೋತರೆ ಮೇಲ್ಮನವಿಗೆ ಬಾಕಿಯ ಅರ್ಧದಷ್ಟು ಹಣ ಠೇವಣಿ ಇಡಬೇಕು. ಅದನ್ನು ಕಾಲು ಭಾಗದವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗಿಲ್ಲ. ಹಾಗಾಗಿ ಮೊದಲ ಮೆಟ್ಟಿಲಲ್ಲೇ ಕಾಗದ ಪತ್ರ ಜೋಡಿಸಿಕೊಂಡು ಗಟ್ಟಿಯಾಗಿ ನಿಲ್ಲಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಸ್ಥಿತಿ ತಂದುಕೊಳ್ಳಬೇಡಿ.

ರೈತರಿಗೆ ಒಂದು ಮಾತು. ಕೃಷಿ ಜಮೀನಿನ ಮೇಲೆ ಸರ್ಫೇಸಿ ನಡೆಯುವುದಿಲ್ಲ, 31ನೇ ಕಲಮಿನಲ್ಲಿ ಅದಕ್ಕೆ ವಿನಾಯಿತಿ ಇದೆ. ಆದರೆ ಪಹಣಿಯಲ್ಲಿ ಹೆಸರಿದ್ದರಷ್ಟೇ ಸಾಲದು, ಅಲ್ಲಿ ನಿಜವಾಗಿ ಬೇಸಾಯ ನಡೆಯುತ್ತಿರಬೇಕು. ಭೂ ಪರಿವರ್ತನೆ ಮಾಡಿಸಿ ಸೈಟು ಹಾಕಿದ ಜಾಗಕ್ಕೆ, ಕಲ್ಯಾಣ ಮಂಟಪ ಕಟ್ಟಿದ ಜಾಗಕ್ಕೆ ಆ ರಕ್ಷಣೆ ಕೇಳಿದರೆ ಸಿಗುವುದು ಕಷ್ಟ. ವಿನಾಯಿತಿ ಇದ್ದರೂ ಸಾಲ ಮನ್ನಾ ಆಗುವುದಿಲ್ಲ, ಬೇರೆ ಕಾನೂನಿನ ದಾರಿಯಲ್ಲಿ ವಸೂಲಿ ಬಂದೇ ಬರುತ್ತದೆ.

ನನಗೆ ತುಂಬ ಸಂಕಟವಾಗುವುದು ಭೋಗ್ಯಕ್ಕೆ ಮನೆ ಹಿಡಿದವರನ್ನು ನೆನೆದಾಗ. ತಿಂಗಳ ಬಾಡಿಗೆಯ ಕಾಟವಿಲ್ಲ ಎಂದು ಜೀವಮಾನದ ಉಳಿತಾಯ ಎಂಟು ಹತ್ತು ಲಕ್ಷ ಒಟ್ಟಿಗೆ ಮಾಲೀಕನ ಕೈಗೆ ಕೊಡುತ್ತೀರಿ. ಮಾಲೀಕ ಆ ಮನೆಯನ್ನು ಆಗಲೇ ಬ್ಯಾಂಕಿನಲ್ಲಿಟ್ಟಿರುತ್ತಾನೆ. ಒಂದು ದಿನ ಬಾಗಿಲಿಗೆ ನೋಟಿಸು ಅಂಟುತ್ತದೆ, ಮಾಲೀಕನ ಫೋನು ಸ್ವಿಚ್ ಆಫ್. ಅಡಮಾನಕ್ಕೆ ಮುಂಚೆಯೇ ಕಾನೂನಿನ ಪ್ರಕಾರ ನೋಂದಣಿಯಾದ ಗೇಣಿಪತ್ರವಿದ್ದರೆ ನಿಮ್ಮ ಮಾತಿಗೆ ಬೆಲೆಯಿದೆ, ಅದನ್ನು ಹಿಡಿದು ನ್ಯಾಯಮಂಡಳಿಗೆ ಹೋಗಬಹುದು. ಛಾಪಾ ಕಾಗದದ ಮೇಲೆ ಬರೆಸಿ ನೋಂದಣಿ ಮಾಡಿಸದ ಹನ್ನೊಂದು ತಿಂಗಳ ಕರಾರು ಹಿಡಿದುಕೊಂಡರೆ ಕೈ ಬಲ ಬಹಳ ಕಡಿಮೆ. ಅದಕ್ಕೇ ದುಡ್ಡು ಕೊಡುವ ಮೊದಲು ಮೂಲ ಕ್ರಯಪತ್ರ ತೋರಿಸಿ ಎಂದು ಕೇಳಿ. "ಲಾಕರಿನಲ್ಲಿದೆ, ಜೆರಾಕ್ಸ್ ಸಾಲದೇ?" ಎಂದರೆ ಅಲ್ಲಿಂದ ಎದ್ದು ಬನ್ನಿ. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಅದರಲ್ಲಿ ಕಾಣದ ಅಡಮಾನವೂ ಇರಬಹುದು, ಆದ್ದರಿಂದ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಆ ಆಸ್ತಿಯ ಮೇಲೆ ಸಾಲವಿದೆಯೇ ಹುಡುಕಿಸಿ. ಕೇಳಿದರೆ ಮಾಲೀಕರು ಬೇಜಾರಾಗುತ್ತಾರೆ ಎಂದು ಸಂಕೋಚಪಡಬೇಡಿ.

ಹರಾಜಿನಲ್ಲಿ ಕೊಳ್ಳಲು ಹೊರಟವರೂ ಕೇಳಿ. ಅಗ್ಗದ ಆಸೆಗೆ ಮುಗ್ಗಿದ ಜೋಳ ತರಬೇಡಿ. ಪ್ರಕಟಣೆಯಲ್ಲಿ "ಸಾಂಕೇತಿಕ ಸ್ವಾಧೀನ" ಎಂದಿದ್ದರೆ ಒಳಗೆ ಜನರಿದ್ದಾರೆ ಎಂದೇ ತಿಳಿಯಿರಿ. "ಇದ್ದಲ್ಲಿ, ಇದ್ದ ಹಾಗೆ" ಎಂಬ ಷರತ್ತು ಬರೆದಿದ್ದರೆ ತೆರಿಗೆ ಬಾಕಿ, ಗಡಿ ತಕರಾರು ಎಲ್ಲ ನಿಮ್ಮ ತಲೆಗೇ ಬರಬಹುದು. ಕೂಗಿ ಗೆದ್ದ ದಿನ, ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ ನಾಲ್ಕನೇ ಒಂದು ಭಾಗ ಕಟ್ಟಬೇಕು. ಉಳಿದದ್ದು ಮಾರಾಟ ಖಾಯಂ ಆದ 15 ದಿನದೊಳಗೆ. ಬ್ಯಾಂಕು ಒಪ್ಪಿ ಬರೆದುಕೊಟ್ಟರೆ ಒಟ್ಟು ಮೂರು ತಿಂಗಳವರೆಗೆ ವಿಸ್ತರಿಸಬಹುದು. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಗೃಹಸಾಲ ಮಂಜೂರಾಗುತ್ತದೆ ಎಂಬ ಭರವಸೆಯ ಮೇಲೆ ಕೂಗಬೇಡಿ. ಮತ್ತು ದಯವಿಟ್ಟು, ಒಳಗಿರುವ ಸಂಸಾರವನ್ನು ನೀವೇ ಹೋಗಿ ಹೆದರಿಸಬೇಡಿ. ಸ್ವಾಧೀನ ಕೊಡಿಸಿ ಎಂದು ಬ್ಯಾಂಕಿಗೆ ಬರೆಯಿರಿ. ಮ್ಯಾಜಿಸ್ಟ್ರೇಟರ ನೆರವು ಕೇಳುವ ಹಕ್ಕು ಬ್ಯಾಂಕಿಗಿದೆ ಎಂದು ಮೇಲೆಯೇ ಹೇಳಿದೆನಲ್ಲ.

ಮನೆ ಹೋದವರು ಆಮೇಲೂ ಒಂದು ಲೆಕ್ಕ ಕೇಳಬೇಕು, ನಾಚಿಕೆಯಿಂದ ಸುಮ್ಮನಾಗಬಾರದು. ಹರಾಜಿನ ಹಣದಲ್ಲಿ ಖರ್ಚು ಕಳೆದು, ಸಾಲ ಮುರಿದುಕೊಂಡು, ಏನಾದರೂ ಉಳಿದರೆ ಅದು ನಿಮ್ಮದು. ಲೆಕ್ಕಪತ್ರ ಕೊಡಿ, ಉಳಿಕೆ ಕೊಡಿ ಎಂದು ಸ್ವೀಕೃತಿ ಸಿಗುವ ಅಂಚೆಯಲ್ಲಿ ಕೇಳಿ. ಸಾಲದಷ್ಟು ಹಣ ಬರದಿದ್ದರೆ ಕೊರತೆಗೆ ಬ್ಯಾಂಕು ಮತ್ತೆ ನಿಮ್ಮ ಮೇಲೆ, ಜಾಮೀನುದಾರರ ಮೇಲೆ ಬರಬಹುದು ಎಂಬುದೂ ನೆನಪಿರಲಿ.

ಜಾಮೀನುದಾರರು ಅಂದಾಗ ಅಮ್ಮಂದಿರಿಗೆ, ಹೆಂಡತಿಯರಿಗೆ, ವಯಸ್ಸಾದ ತಂದೆಯರಿಗೆ ಹೇಳದೆ ಇರಲಾರೆ. "ಇಲ್ಲೊಂದು ಸಹಿ ಹಾಕಮ್ಮ" ಎಂದು ಮಗ ಕಾಗದ ಮುಂದಿಟ್ಟರೆ ಕನ್ನಡಕ ಹಾಕಿಕೊಂಡು ಓದಿ. ಜಾಮೀನುದಾರರ ಹೊಣೆ ಸಾಲಗಾರನಷ್ಟೇ ಎಂದು ಕರಾರು ಕಾಯ್ದೆ ಹೇಳುತ್ತದೆ, ಮೊದಲು ಅವನಿಂದ ವಸೂಲಿ ಮಾಡಿ ಆಮೇಲೆ ನನ್ನ ಬಳಿ ಬನ್ನಿ ಎನ್ನುವಂತಿಲ್ಲ. ಮಗನ ವ್ಯಾಪಾರಕ್ಕೆ ಇರುವ ಒಂದೇ ಮನೆಯನ್ನು ಇಡಬೇಡಿ. ಇಟ್ಟೇ ತೀರಬೇಕಾದರೆ ಪ್ರತಿ ತಿಂಗಳು ಕಂತು ಹೋಯಿತೇ ಎಂಬ ಸಂದೇಶ ನಿಮ್ಮ ಫೋನಿಗೂ ಬರುವ ಹಾಗೆ ಮಾಡಿಸಿ. ದುಬೈನಲ್ಲೋ ಡಲ್ಲಾಸಿನಲ್ಲೋ ಇರುವ ಮಕ್ಕಳೇ, ನಿಮ್ಮ ಸಾಲದ ಖಾತೆಯಲ್ಲಿ ಇನ್ನೂ ಹಳೆಯ ಬಾಡಿಗೆ ಮನೆಯ ವಿಳಾಸವಿದ್ದರೆ ಇವತ್ತೇ ಬದಲಿಸಿ. ನೋಟಿಸು ಆ ವಿಳಾಸಕ್ಕೆ ಹೋದರೂ ತಲುಪಿದಂತೆಯೇ ಆಗಬಹುದು.

ಸಾಲ ಪೂರ್ತಿ ತೀರಿಸಿದವರೂ ಪತ್ರ ಬ್ಯಾಂಕಿನಲ್ಲೇ ಬಿಟ್ಟು ಬರಬೇಡಿ. ತೀರಿಸಿದ 30 ದಿನದೊಳಗೆ ಮೂಲ ದಾಖಲೆ ಮರಳಿಸದಿದ್ದರೆ, ತಡ ಬ್ಯಾಂಕಿನದೇ ಆದಲ್ಲಿ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಋಣಭಾರ ಪತ್ರದಲ್ಲಿ ಅಡಮಾನ ತೀರಿದ ನಮೂದಾಗಿದೆಯೇ ಎಂದೂ ನೋಡಿಕೊಳ್ಳಿ.

ವಕೀಲರಿಗೆ ಕೊಡಲು ದುಡ್ಡೆಲ್ಲಿದೆ ಎಂದು ಕೈಚೆಲ್ಲಬೇಡಿ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಉಳಿದವರಿಗೆ ಆದಾಯದ ಮಿತಿಯಿದೆ. ಅವರ ಸಹಾಯವಾಣಿ 15100. ನೋಟಿಸು ಕೈಗೆ ಬಂದ ವಾರದಲ್ಲೇ, ಲಕೋಟೆ ಸಮೇತ ಅಲ್ಲಿಗೆ ಹೋಗಿ.